ಕೇಬಲ್ ಟಿವಿ ವಿಚಾರಣೆಗೆ ಇಂಟರ್ನೆಟ್ ದೂರು: ಅಮೆರಿಕದ ಊರುಗಳಲ್ಲಿ ಜನ ಕೇಳಬೇಕಾದದ್ದೇನು?

ಅಮೆರಿಕದ ಟೌನ್ ಹಾಲ್‌ಗಳಿಂದ ಆಗಾಗ ಒಂದು ಪ್ರಕಟಣೆ ಹೊರಡುತ್ತದೆ: ಕೇಬಲ್ ಫ್ರಾಂಚೈಸ್ (ತಂತಿ ಎಳೆಯಲು ಊರು ಕಂಪನಿಯೊಂದಿಗೆ ಮಾಡಿಕೊಳ್ಳುವ ಒಪ್ಪಂದ) ನವೀಕರಣದ ಬಗ್ಗೆ ಸಾರ್ವಜನಿಕ ವಿಚಾರಣೆ ಇದೆ, ನಿವಾಸಿಗಳು ಅಭಿಪ್ರಾಯ ತಿಳಿಸಬಹುದು. ಬರುವವರಲ್ಲಿ ಹೆಚ್ಚಿನವರಿಗೆ ಟಿವಿ ಚಾನೆಲ್‌ಗಳ ಚಿಂತೆ ಇರುವುದಿಲ್ಲ. ಒಬ್ಬರ ರಸ್ತೆಗೆ ಕೇಬಲ್ಲೇ ಬಂದಿಲ್ಲ. ಇನ್ನೊಬ್ಬರ ಮನೆಯಲ್ಲಿ ಇಬ್ಬರು ಒಟ್ಟಿಗೆ ವಿಡಿಯೊ ಕರೆಗೆ ಕೂತರೆ ಒಂದು ನಿಂತುಹೋಗುತ್ತದೆ. ಮತ್ತೊಬ್ಬರಿಗೆ ವರ್ಷದ ಕೊಡುಗೆ ಮುಗಿದ ಕೂಡಲೇ ಬಿಲ್ ಏರಿದೆ. ಸಿಕ್ಕ ಎರಡು ಮೂರು ನಿಮಿಷದಲ್ಲಿ ಎಲ್ಲರೂ ಇಂಟರ್ನೆಟ್ ಬಗ್ಗೆ ಹೇಳಿಕೊಂಡ ಮೇಲೆ ಊರಿನ ವಕೀಲರು ಮೈಕ್ ತೆಗೆದುಕೊಂಡು, ಇಂಟರ್ನೆಟ್ ವಿಷಯ ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತಾರೆ.

ಅದೇ ಕಂಪನಿ, ಅದೇ ಕಂಬ, ಅದೇ ತಂತಿ. ಟಿವಿಯ ಬಗ್ಗೆ ಮಾತಾಡಬಹುದು, ಇಂಟರ್ನೆಟ್ ಬಗ್ಗೆ ಆಡಕೂಡದು ಎಂದರೆ ಯಾರಿಗಾದರೂ ಗೊಂದಲವಾಗುತ್ತದೆ. ವಕೀಲರು ಹೇಳಿದ್ದು ಕಾನೂನಿನ ಪ್ರಕಾರ ಸರಿ, ಆದರೆ ಅರ್ಧ ಮಾತ್ರ. ವೇಗ ಮತ್ತು ಬೆಲೆಯ ಮೇಲೆ ಊರಿಗೆ ಅಧಿಕಾರವಿಲ್ಲ. ತಂತಿ ಎಲ್ಲಿಯವರೆಗೆ ಹೋಗಬೇಕು ಎಂಬುದರ ಮೇಲೆ ಇದೆ. ಈ ವ್ಯತ್ಯಾಸ ತಿಳಿಯದೆ ಸಭೆಗೆ ಹೋದವರು ಬರಿಗೈಯಲ್ಲಿ ವಾಪಸಾಗುತ್ತಾರೆ.

ಫ್ರಾಂಚೈಸ್ ಎಂಬ ವ್ಯವಹಾರ

ರಸ್ತೆ, ರಸ್ತೆಬದಿ, ಅದರಡಿಯ ನೆಲ ಊರಿನ ಸ್ವತ್ತು. ಕೇಬಲ್ ಕಂಪನಿ ಅಲ್ಲಿ ತಂತಿ ಎಳೆಯಬೇಕಾದರೆ ಊರಿನೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಅದೇ ಫ್ರಾಂಚೈಸ್, ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಲೈಸೆನ್ಸ್ ಎನ್ನುತ್ತಾರೆ. ಅಲ್ಲಿ ಟೌನ್ ಆದರೆ ಸೆಲೆಕ್ಟ್ ಬೋರ್ಡ್ ಎಂಬ ಚುನಾಯಿತ ಆಡಳಿತ ಮಂಡಳಿ, ಸಿಟಿ ಆದರೆ ಮೇಯರ್ ಅದನ್ನು ಕೊಡುತ್ತಾರೆ. ನವೀಕರಣದ ಅವಧಿ ಗರಿಷ್ಠ 10 ವರ್ಷ.

ಇದಕ್ಕೆಲ್ಲ ಚೌಕಟ್ಟು 1984ರ ಕೇಬಲ್ ಕಾಯ್ದೆ. ಪ್ರತಿಯಾಗಿ ಊರಿಗೆ ಸಿಗುವುದು ಮುಖ್ಯವಾಗಿ ಮೂರು: ಕೇಬಲ್ ಟಿವಿಯ ಒಟ್ಟು ಆದಾಯದಲ್ಲಿ ಶೇ 5ರವರೆಗೆ ಶುಲ್ಕ, ಸ್ಥಳೀಯ ಸಭೆ ಮತ್ತು ಶಾಲಾ ಕಾರ್ಯಕ್ರಮ ತೋರಿಸುವ ಸಮುದಾಯ ಚಾನೆಲ್‌ಗಳು, ಮತ್ತು ಊರಿನ ಮನೆಗಳಿಗೆ ಸಂಪರ್ಕ ಕೊಡುವ ಹೊಣೆ. ಶುಲ್ಕವನ್ನು ಕಂಪನಿ ಗ್ರಾಹಕರ ಬಿಲ್ಲಿನಲ್ಲೇ ಬೇರೆ ಸಾಲಾಗಿ ತೋರಿಸಿ ವಸೂಲು ಮಾಡುವುದರಿಂದ, ಊರು ಪಡೆದದ್ದೆಂದು ಹೇಳುವ ದುಡ್ಡು ಕೊನೆಗೆ ಊರವರ ಜೇಬಿನದೇ.

ಊರು ಒಂದೇ ಕಂಪನಿಗೆ ಏಕಸ್ವಾಮ್ಯ ಬರೆದುಕೊಟ್ಟಿದೆ ಎಂಬ ಆರೋಪ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಅದು ತಪ್ಪು ಕಲ್ಪನೆ. 1992ರ ತಿದ್ದುಪಡಿ ಏಕಸ್ವಾಮ್ಯದ ಫ್ರಾಂಚೈಸ್‌ಗಳನ್ನು ನಿಷೇಧಿಸಿದೆ. ಎರಡನೆಯ ಕಂಪನಿ ಅರ್ಜಿ ಹಾಕಿದರೆ ಸಕಾರಣವಿಲ್ಲದೆ ನಿರಾಕರಿಸುವ ಹಾಗಿಲ್ಲ. ಎರಡನೆಯ ಕಂಪನಿ ಬಾರದಿರುವುದಕ್ಕೆ ಸಾಮಾನ್ಯ ಕಾರಣ ಲೆಕ್ಕಾಚಾರ: ಮನೆಗಳು ವಿರಳವಾಗಿರುವ ಕಡೆ ಮತ್ತೊಂದು ತಂತಿ ಎಳೆದರೆ ಅಸಲು ಹುಟ್ಟುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಸರಿಸಮವಾದ ಸಭೆ ಇಲ್ಲ. ಹತ್ತಿರದ್ದೆಂದರೆ ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ನಡೆಸುವ ಸಾರ್ವಜನಿಕ ವಿಚಾರಣೆ. ಬ್ರಾಡ್‌ಬ್ಯಾಂಡ್ ಪರವಾನಗಿ ಕೊಡುವುದು ಕೇಂದ್ರದ ದೂರಸಂಪರ್ಕ ಇಲಾಖೆ. ಪಾಲಿಕೆ, ಪಂಚಾಯಿತಿಗಳಿಗೆ ಉಳಿದದ್ದು ರಸ್ತೆ ಅಗೆಯಲು, ಕಂಬ ನೆಡಲು ಅನುಮತಿ ಕೊಡುವ ಕೆಲಸ. ಅದರ ವಿಧಾನವನ್ನೂ 2024ರ ರೈಟ್ ಆಫ್ ವೇ ನಿಯಮಗಳ ಮೂಲಕ ಕೇಂದ್ರವೇ ನಿಗದಿ ಮಾಡಿದೆ. ಅಗೆಯುವ ಅನುಮತಿಗೆ ಪ್ರತಿಯಾಗಿ ‘ನಮ್ಮ ಊರಿನ ಕೊನೆಯ ಮನೆಗೂ ಕೊಡಿ’ ಎಂದು ಷರತ್ತು ಹಾಕುವ ಫ್ರಾಂಚೈಸ್ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಇಂಟರ್ನೆಟ್ ಹೊರಗುಳಿದದ್ದು ಹೇಗೆ

1984ರಲ್ಲಿ ಕೇಬಲ್ ಎಂದರೆ ಟಿವಿ. 1990ರ ದಶಕದ ಕೊನೆಗೆ ಅದೇ ತಂತಿಯಲ್ಲಿ ಇಂಟರ್ನೆಟ್ ಹರಿಯತೊಡಗಿದಾಗ ಊರುಗಳು ಅದರ ಮೇಲೂ ಹಿಡಿತ ಸಾಧಿಸಲು ನೋಡಿದವು. ಮೊದಲ ದೊಡ್ಡ ಜಗಳ ಆದದ್ದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಎಟಿ ಆ್ಯಂಡ್ ಟಿ ಕಂಪನಿ ಅಲ್ಲಿನ ಕೇಬಲ್ ಜಾಲವಿದ್ದ ಟಿಸಿಐಯನ್ನು ಕೊಳ್ಳಲು ಹೊರಟಾಗ ಪೋರ್ಟ್‌ಲ್ಯಾಂಡ್ ನಗರ ಮತ್ತು ಮಲ್ಟ್ನೋಮಾ ಕೌಂಟಿ, ನಿಮ್ಮ ತಂತಿಯನ್ನು ಬೇರೆ ಇಂಟರ್ನೆಟ್ ಕಂಪನಿಗಳಿಗೂ ತೆರೆದರೆ ಮಾತ್ರ ವರ್ಗಾವಣೆಗೆ ಒಪ್ಪಿಗೆ ಎಂದವು. ಮೊಕದ್ದಮೆ ಮೇಲ್ಮನವಿ ಕೋರ್ಟಿಗೆ ಹೋಯಿತು. 2000ದ ಜೂನ್‌ನಲ್ಲಿ ಒಂಬತ್ತನೇ ಸರ್ಕಿಟ್ ಕೋರ್ಟ್, ಕೇಬಲ್ ಮೂಲಕ ಬರುವ ಇಂಟರ್ನೆಟ್ ‘ಕೇಬಲ್ ಸೇವೆ’ ಅಲ್ಲ, ಆದ್ದರಿಂದ ಫ್ರಾಂಚೈಸ್ ಅಧಿಕಾರ ಬಳಸಿ ಅದಕ್ಕೆ ಷರತ್ತು ಹಾಕಲಾಗದು ಎಂದಿತು.

2002ರಲ್ಲಿ ಕೇಂದ್ರದ ಸಂವಹನ ಆಯೋಗ ಎಫ್‌ಸಿಸಿ, ಕೇಬಲ್ ಇಂಟರ್ನೆಟ್ಟನ್ನು ‘ಮಾಹಿತಿ ಸೇವೆ’ ಎಂದು ವರ್ಗೀಕರಿಸಿತು. 2005ರಲ್ಲಿ ಸುಪ್ರೀಂ ಕೋರ್ಟ್ ಬ್ರ್ಯಾಂಡ್ ಎಕ್ಸ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಇದರ ಒಂದು ಪರಿಣಾಮ ಜೇಬಿಗೆ ಸಂಬಂಧಿಸಿದ್ದು: ಶೇ 5ರ ಶುಲ್ಕ ಟಿವಿ ಆದಾಯಕ್ಕೆ ಮಾತ್ರ ಸೀಮಿತವಾಯಿತು. ಇದೇ ಒರೆಗಾನ್‌ನ ಯೂಜೀನ್ ನಗರ ಬೇರೆ ದಾರಿ ಹುಡುಕಿ, ರಸ್ತೆ ಬಳಕೆಯ ಹೆಸರಲ್ಲಿ ಇಂಟರ್ನೆಟ್ ಆದಾಯದ ಮೇಲೆ ಶೇ 7 ಶುಲ್ಕ ಹಾಕಿತು. ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಅದನ್ನು ಒಪ್ಪಿದರೂ ಎಫ್‌ಸಿಸಿ 2019ರ ಆದೇಶದಲ್ಲಿ ಆ ದಾರಿಯನ್ನೂ ಮುಚ್ಚಿತು. ಕೇಬಲ್ ಜಾಲದಲ್ಲಿ ಹರಿಯುವ ಟಿವಿಯೇತರ ಸೇವೆಗಳನ್ನು ಊರುಗಳು ನಿಯಂತ್ರಿಸುವ ಹಾಗಿಲ್ಲ ಎಂಬುದೇ ಆ ಆದೇಶದ ಸಾರ. 2021ರಲ್ಲಿ ಆರನೇ ಸರ್ಕಿಟ್ ಕೋರ್ಟ್ ಅದನ್ನು ಬಹುಮಟ್ಟಿಗೆ ಉಳಿಸಿತು.

ನಡುವೆ ನೆಟ್ ನ್ಯೂಟ್ರಾಲಿಟಿಯ (ಕಂಪನಿಗಳು ಎಲ್ಲ ಜಾಲತಾಣ, ಸೇವೆಗಳನ್ನೂ ಸಮಾನವಾಗಿ ಕಾಣಬೇಕೆಂಬ ತತ್ವದ) ಹಗ್ಗಜಗ್ಗಾಟದಲ್ಲಿ ಇಂಟರ್ನೆಟ್‌ನ ವರ್ಗೀಕರಣ 2015, 2017, 2024ರಲ್ಲಿ ಮೂರು ಸಲ ಬದಲಾಗಿ, 2025ರ ಜನವರಿಯಲ್ಲಿ ಆರನೇ ಸರ್ಕಿಟ್ ಕೋರ್ಟಿನ ತೀರ್ಪಿನಿಂದ ಮತ್ತೆ ‘ಮಾಹಿತಿ ಸೇವೆ’ಗೇ ಬಂದು ನಿಂತಿತು. ಊರುಗಳ ಫ್ರಾಂಚೈಸ್ ಅಧಿಕಾರ ಇದರಿಂದ ಹಿಗ್ಗಲಿಲ್ಲ.

ಹೀಗಾಗಿ ವಿಚಾರಣೆಯಲ್ಲಿ ‘ನಮಗೆ 500 ಎಂಬಿಪಿಎಸ್ ಬೇಕು’, ‘ಬಿಲ್ ಇಳಿಸಿ’, ‘ಡೇಟಾ ಮಿತಿ ತೆಗೆಸಿ’ ಎನ್ನುವುದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ‘ಫೈಬರ್ರೇ ಹಾಕಿಸಿ’ ಎಂಬ ಬೇಡಿಕೆಗೂ ಅದೇ ಗತಿ, ಏಕೆಂದರೆ ಕಂಪನಿ ಯಾವ ಪ್ರಸರಣ ತಂತ್ರಜ್ಞಾನ ಬಳಸಬೇಕೆಂದು ಊರು ಷರತ್ತು ಹಾಕುವುದನ್ನು ಕಾಯ್ದೆಯೇ ತಡೆಯುತ್ತದೆ.

ತಂತಿಗೆ ಟಿವಿ ಯಾವುದು, ಇಂಟರ್ನೆಟ್ ಯಾವುದು ಎಂಬ ಭೇದವಿಲ್ಲ

ಕಾಯ್ದೆ ಊರಿನ ಕೈಗೆ ಕೊಟ್ಟಿರುವ ಅಸ್ತ್ರಗಳೂ ಇವೆ. ಫ್ರಾಂಚೈಸ್ ಪ್ರದೇಶದ ಎಲ್ಲ ಮನೆಗಳಿಗೂ ಕೇಬಲ್ ಸೇವೆ ಕೊಡುವಷ್ಟು ಜಾಲ ಕಟ್ಟಲು ಕಂಪನಿಗೆ ‘ಸಮಂಜಸ ಕಾಲಾವಕಾಶ’ ಕೊಡಬೇಕು ಎನ್ನುತ್ತದೆ ಅದು. ಅಂದರೆ ಜಾಲ ವಿಸ್ತರಿಸುವ ಷರತ್ತು ನ್ಯಾಯಸಮ್ಮತ. ನಿವಾಸಿಗಳ ಆದಾಯ ಕಡಿಮೆಯೆಂಬ ಕಾರಣಕ್ಕೆ ಒಂದು ಬಡಾವಣೆಯನ್ನು ಬಿಟ್ಟುಬಿಡದಂತೆ ಊರು ನೋಡಿಕೊಳ್ಳಲೇಬೇಕು. 2019ರ ಆದೇಶ ಶಾಲೆ, ಗ್ರಂಥಾಲಯಗಳಿಗೆ ಕೊಡುವ ಉಚಿತ ಸಂಪರ್ಕದಂಥವನ್ನು ಶೇ 5ರ ಶುಲ್ಕದಲ್ಲೇ ಮುರಿದುಕೊಳ್ಳಲು ಕಂಪನಿಗಳಿಗೆ ಅವಕಾಶ ಕೊಟ್ಟಿತು. ಆದರೆ ಜಾಲ ವಿಸ್ತರಣೆಯನ್ನು ಹಾಗೆ ಮುರಿದುಕೊಳ್ಳುವಂತಿಲ್ಲ. ಸಭೆಯಲ್ಲಿ ಊರಿನವರೇ ಇದನ್ನು ಮರೆತಿರುವುದುಂಟು.

ಟಿವಿಗೆಂದು ಎಳೆದ ತಂತಿ ಮನೆ ತಲುಪಿದರೆ ಇಂಟರ್ನೆಟ್ ತಾನಾಗಿ ತಲುಪುತ್ತದೆ. ಆದ್ದರಿಂದ ಒಪ್ಪಂದದಲ್ಲಿ ಓದಬೇಕಾದ ಪುಟ ಒಂದೇ: ಲೈನ್ ಎಕ್ಸ್‌ಟೆನ್ಷನ್ ಷರತ್ತು. ಮೈಲಿಗೆ ಇಷ್ಟು ಮನೆಗಳಿದ್ದರೆ ಕಂಪನಿ ತನ್ನ ಖರ್ಚಿನಲ್ಲಿ ಜಾಲ ವಿಸ್ತರಿಸಬೇಕು ಎಂದು ಅಲ್ಲಿರುತ್ತದೆ. ಆ ‘ಇಷ್ಟು’ ಎಷ್ಟು ಎಂಬುದೇ ಇಡೀ ಚೌಕಾಶಿ. ನ್ಯೂಯಾರ್ಕ್ ರಾಜ್ಯದ ನಿಯಮಾವಳಿಯಲ್ಲಿ ಮೈಲಿಗೆ 35 ಮನೆ ಎಂಬ ಮಾನದಂಡ ಬಹುಕಾಲ ಇತ್ತು. ಊರುಗಳು ಇದಕ್ಕಿಂತ ಕಡಿಮೆಗೆ ಒಪ್ಪಿಸಿರುವುದೂ ಇದೆ.

ಲೆಕ್ಕ ಹಾಕಿ ನೋಡೋಣ. ಒಂದು ರಸ್ತೆ 0.6 ಮೈಲಿ ಉದ್ದ, 12 ಮನೆ. ಮೈಲಿಗೆ 20 ಆಯಿತು. ಷರತ್ತಿನಲ್ಲಿ 25 ಎಂದಿದ್ದರೆ ಈ ರಸ್ತೆ ಹೊರಗೆ. 20 ಎಂದು ಬದಲಿಸಿದರೆ ಒಳಗೆ. ಸಂಖ್ಯೆ ಇಳಿಸಲು ಕಂಪನಿ ಒಪ್ಪದಿದ್ದರೆ ವೆಚ್ಚ ಹಂಚಿಕೆಯ ಸೂತ್ರ ಕೇಳಬಹುದು. ತಂತಿ ಎಳೆಯಲು ಮೈಲಿಗೆ 40,000 ಡಾಲರ್ ಆಗುತ್ತದೆಂದು ಇಟ್ಟುಕೊಳ್ಳಿ. ಮೈಲಿಗೆ 25 ಮನೆಯಿದ್ದಲ್ಲಿ ಪೂರ್ತಿ ಖರ್ಚು ಹಾಕಲು ಕಂಪನಿ ಸಿದ್ಧವಿದೆಯೆಂದರೆ, ಮನೆಯೊಂದಕ್ಕೆ 1,600 ಡಾಲರ್ ಹಾಕಲು ಅದು ತಯಾರಿದೆ ಎಂದರ್ಥ. ಈ ರಸ್ತೆಯ ಒಟ್ಟು ಖರ್ಚು 24,000. ಕಂಪನಿಯ ಪಾಲು 12 ಮನೆಗೆ 19,200. ಉಳಿದ 4,800 ಡಾಲರ್ ಹಂಚಿದರೆ ಮನೆಗೆ 400. ಸೂತ್ರ ಒಪ್ಪಂದದಲ್ಲಿ ಬರೆದಿಲ್ಲವಾದರೆ ಇದೇ ರಸ್ತೆಯವರಿಗೆ ಕಂಪನಿ ಪೂರ್ತಿ 24,000ದ ಅಂದಾಜು ಪಟ್ಟಿ ಕಳಿಸಬಹುದು, ಅದಕ್ಕೆ ಯಾರೂ ತಕರಾರು ಮಾಡುವಂತಿಲ್ಲ.

ಸಂಖ್ಯೆಗಿಂತ ಅಳತೆಯ ವಿಧಾನದಲ್ಲಿ ಹೆಚ್ಚು ಮೋಸಹೋಗುವುದುಂಟು. ದೂರ ಅಳೆಯುವುದು ಎಲ್ಲಿಂದ? ಈಗ ಚಾಲ್ತಿಯಲ್ಲಿರುವ ತಂತಿಯ ಕೊನೆಯ ಕಂಬದಿಂದಲೋ, ಮುಖ್ಯರಸ್ತೆಯ ಟ್ರಂಕ್ ಲೈನಿನಿಂದಲೋ? ಎರಡನೆಯದಾದರೆ ದೂರ ಹೆಚ್ಚಾಗಿ ಸಾಂದ್ರತೆ ಬೀಳುತ್ತದೆ. ಎಣಿಸುವುದು ಇರುವ ಮನೆಗಳನ್ನೋ, ಚಂದಾದಾರರಾಗಲು ಸಹಿ ಹಾಕಿದವರನ್ನೋ? ಬಾಡಿಗೆಯ ಎರಡನೇ ಮನೆ, ಬೇಸಿಗೆಗೆ ಮಾತ್ರ ತೆರೆಯುವ ಮನೆ ಲೆಕ್ಕಕ್ಕುಂಟೋ ಇಲ್ಲವೋ? ಕಂಬದ ಮೇಲಿನ ತಂತಿಗೊಂದು ಸಂಖ್ಯೆ, ನೆಲದಡಿಯ ತಂತಿಗೊಂದು ಸಂಖ್ಯೆ ಇದೆಯೋ? ಅಗೆತದ ಖರ್ಚು ಹೆಚ್ಚಾದ್ದರಿಂದ ಎರಡನೆಯದಕ್ಕೆ ಹೆಚ್ಚು ಮನೆ ಕೇಳುವುದು ವಾಡಿಕೆ. ಇವೆಲ್ಲ ಒಪ್ಪಂದದಲ್ಲಿ ಬಿಡಿಸಿ ಬರೆದಿರಬೇಕು. ‘ಆರ್ಥಿಕವಾಗಿ ಕಾರ್ಯಸಾಧ್ಯವಾದಲ್ಲಿ’ ಎಂಬ ನಾಲ್ಕಾರು ಪದ ಷರತ್ತಿನ ಕೊನೆಗೆ ಸೇರಿಕೊಂಡಿತೆಂದರೆ ಮೇಲಿನ ಯಾವ ಸಂಖ್ಯೆಗೂ ಬೆಲೆ ಉಳಿಯದು.

ರಸ್ತೆಯ ತಂತಿ ಬಂದ ಮೇಲೂ ಕಂಬದಿಂದ ಮನೆಗೆ ಹೋಗುವ ಡ್ರಾಪ್ ತಂತಿ ಬಾಕಿ. ಎಫ್‌ಸಿಸಿಯ ಗ್ರಾಹಕ ಸೇವಾ ಮಾನದಂಡದಲ್ಲಿ ಜಾಲದಿಂದ 125 ಅಡಿಯೊಳಗಿನ ಜೋಡಣೆ ಮಾಮೂಲಿ ಜೋಡಣೆ. ಅದು ಏಳು ಕೆಲಸದ ದಿನಗಳಲ್ಲಿ ಆಗಬೇಕು. 125 ಅಡಿ ಎಂದರೆ ಸುಮಾರು 38 ಮೀಟರ್. ಹಳ್ಳಿಗಾಡಿನ ಮನೆಗಳು ರಸ್ತೆಯಿಂದ ಇದಕ್ಕಿಂತ ಒಳಗಿರುವುದೇ ಹೆಚ್ಚು. ಅಂಥ ಊರುಗಳು ಈ ಮಿತಿಯನ್ನು 200, 300 ಅಡಿಗೆ ಏರಿಸುವಂತೆ ಕೇಳುವುದು ವೇಗದ ಬಗ್ಗೆ ಗಂಟೆಗಟ್ಟಲೆ ಮಾತಾಡುವುದಕ್ಕಿಂತ ಲಾಭದಾಯಕ.

ಕಂಬದ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿದ್ಯುತ್ ತಂತಿಗೂ ಅದರ ಕೆಳಗಿನ ಸಂವಹನ ತಂತಿಗಳಿಗೂ ನಡುವೆ 40 ಇಂಚು ಅಂತರ ಬಿಡಬೇಕು. ಹಳೆಯ ಗಿಡ್ಡ ಕಂಬದಲ್ಲಿ ಜಾಗ ಸಾಲದಿದ್ದರೆ ಇರುವ ತಂತಿಗಳನ್ನು ಸರಿಸಬೇಕು, ಇಲ್ಲವೇ ಕಂಬವನ್ನೇ ಬದಲಿಸಬೇಕು. ಮೇಕ್-ರೆಡಿ ಎಂದು ಕರೆಯುವ ಈ ಕೆಲಸದ ಖರ್ಚು ಹೊಸದಾಗಿ ಬರುವ ಕಂಪನಿಯ ತಲೆಗೆ ಬರುತ್ತದೆ. ಕಂಪನಿಯ ಅಂದಾಜು ಪಟ್ಟಿಯಲ್ಲಿ ಮೊತ್ತ ವಿಪರೀತ ಎನಿಸಿದರೆ ಮೇಕ್-ರೆಡಿ ಎಷ್ಟು, ತಂತಿ ಎಷ್ಟು, ಕೂಲಿ ಎಷ್ಟು ಎಂದು ಬಿಡಿಸಿ ಕೊಡಿ ಎಂದು ಕೇಳಬೇಕು.

ನ್ಯೂಯಾರ್ಕ್ ನಗರ ಕಲಿಸಿದ್ದು

ಫ್ರಾಂಚೈಸ್ ಮೂಲಕ ಬ್ರಾಡ್‌ಬ್ಯಾಂಡ್ ತರುವ ಪ್ರಯತ್ನದ ಶಕ್ತಿ, ದೌರ್ಬಲ್ಯ ಎರಡೂ ಒಟ್ಟಿಗೆ ಕಾಣುವುದು ನ್ಯೂಯಾರ್ಕ್ ನಗರದಲ್ಲಿ. 2008ರಲ್ಲಿ ವೆರೈಝನ್ ತನ್ನ ಫಿಯೋಸ್ ಫೈಬರ್ ಜಾಲಕ್ಕೆ ನಗರದಿಂದ ಕೇಬಲ್ ಫ್ರಾಂಚೈಸ್ ಪಡೆಯಿತು. 2014ರ ಜೂನ್ ಕೊನೆಯೊಳಗೆ ನಗರದ ಎಲ್ಲ ಮನೆಗಳ ಬಳಿ ಫೈಬರ್ ಹಾಯಿಸುವುದಾಗಿ ಅದು ಒಪ್ಪಿತ್ತು. ಕಾಗದದ ಮೇಲೆ ಇದು ಟಿವಿ ಒಪ್ಪಂದ. ವಸ್ತುತಃ ನಗರಕ್ಕೆಲ್ಲ ಫೈಬರ್ ಇಂಟರ್ನೆಟ್ ತರುವ ಒಪ್ಪಂದ.

ಗಡುವು ದಾಟಿತು. 2015ರಲ್ಲಿ ನಗರದ ಲೆಕ್ಕಪರಿಶೋಧನೆ, ಕಂಪನಿ ಮಾತು ಉಳಿಸಿಕೊಂಡಿಲ್ಲ ಎಂದಿತು. ಮನೆಯ ಬಳಿ ಹಾಯುವುದು ಎಂದರೇನು ಎಂಬಲ್ಲೇ ಜಗಳ. ಬೀದಿಯಲ್ಲಿ, ಬ್ಲಾಕಿನ ಹತ್ತಿರ ಫೈಬರ್ ಇದ್ದರೆ ಸಾಕು ಎಂದು ಕಂಪನಿಯ ವಾದ. ಆ ಕಟ್ಟಡಕ್ಕೆ ಜೋಡಿಸಲು ಬರುವಂತಿರಬೇಕು ಎಂದು ನಗರದ ವಾದ. ಕಟ್ಟಡದ ಮಾಲೀಕರು ಒಳಗೆ ಬಿಡುವುದಿಲ್ಲ ಎಂಬ ಸಬೂಬೂ ಇತ್ತು. 2017ರಲ್ಲಿ ನಗರ ದಾವೆ ಹೂಡಿತು. 2020ರ ನವೆಂಬರ್‌ನಲ್ಲಿ ರಾಜಿಯಾಗಿ, 2023ರೊಳಗೆ ಇನ್ನೂ 5 ಲಕ್ಷ ಮನೆಗಳಿಗೆ ವಿಸ್ತರಿಸಲು ವೆರೈಝನ್ ಒಪ್ಪಿತು. ಅದರಲ್ಲಿ ಕನಿಷ್ಠ 1.25 ಲಕ್ಷ ಮನೆಗಳು ಸಂಪರ್ಕ ಅತಿ ಕಡಿಮೆ ಇರುವ ಬಡಾವಣೆಗಳವು.

ಷರತ್ತು ಬರವಣಿಗೆಯಲ್ಲಿ ಇದ್ದುದರಿಂದಲೇ ನಗರ ಕೋರ್ಟಿಗೆ ಹೋಗಲು ಸಾಧ್ಯವಾಯಿತು. ಸ್ಪಷ್ಟವಾಗಿ ಇಲ್ಲದ್ದರಿಂದ ಆರು ವರ್ಷ ಕಳೆಯಿತು. ನ್ಯೂಯಾರ್ಕ್‌ನಷ್ಟು ವಕೀಲರ ಪಡೆ ಇಲ್ಲದ, ಐದು ಸಾವಿರ ಜನರ ಟೌನಿಗೆ ಅಷ್ಟು ಕಾಲ ಹೊಡೆದಾಡುವ ತ್ರಾಣ ಇರುವುದಿಲ್ಲ. ಸಣ್ಣ ಊರಿಗೆ ಸ್ಪಷ್ಟ ವ್ಯಾಖ್ಯೆ, ವರ್ಷವರ್ಷದ ಗುರಿ, ತಪ್ಪಿದರೆ ಎಷ್ಟು ದಂಡ ಎಂಬ ಕೋಷ್ಟಕ ಇನ್ನೂ ಹೆಚ್ಚು ಬೇಕು.

ಇದೇ ರಾಜ್ಯದಲ್ಲಿ ಇನ್ನೊಂದು ದಾರಿಯೂ ಕಂಡಿತು. 2016ರಲ್ಲಿ ಟೈಮ್ ವಾರ್ನರ್ ಕೇಬಲ್ಲನ್ನು ಚಾರ್ಟರ್ ಕಂಪನಿ ಕೊಳ್ಳುವಾಗ ರಾಜ್ಯದ ಸಾರ್ವಜನಿಕ ಸೇವಾ ಆಯೋಗ, 1,45,000 ಮನೆಗಳಿಗೆ ಜಾಲ ವಿಸ್ತರಿಸುವ ಷರತ್ತು ಹಾಕಿತು. ಕಂಪನಿ ಗುರಿ ಮುಟ್ಟಿಲ್ಲವೆಂದು 2018ರ ಜುಲೈನಲ್ಲಿ ವಿಲೀನದ ಒಪ್ಪಿಗೆಯನ್ನೇ ಹಿಂತೆಗೆದುಕೊಂಡಿತು, ಮರುವರ್ಷ ರಾಜಿಯಾಯಿತು. ಕಂಪನಿ ಕೈಬದಲಾಯಿಸುವ ಹೊತ್ತಿನಲ್ಲಿ ಅಧಿಕಾರಿಗಳ ಮಾತಿಗೆ ಬರುವ ತೂಕ ನವೀಕರಣದ ಹೊತ್ತಿನಲ್ಲಿ ಅಪರೂಪ.

36 ತಿಂಗಳು ಮುಂಚೆಯೇ ಶುರು

ಜನ ಸಾಮಾನ್ಯವಾಗಿ ತಡವಾಗಿ ಬರುತ್ತಾರೆ. ಕಾಯ್ದೆಯ 626ನೇ ಸೆಕ್ಷನ್ ಪ್ರಕಾರ ನವೀಕರಣದ ವಿಧಿವತ್ ಪ್ರಕ್ರಿಯೆಗೆ ಚಾಲನೆ ಸಿಗುವುದು ಫ್ರಾಂಚೈಸ್ ಮುಗಿಯುವ 36 ತಿಂಗಳ ಮುಂಚೆ, ಅಲ್ಲಿಂದ ಆರು ತಿಂಗಳೊಳಗೆ. ಮೊದಲ ಹಂತದಲ್ಲಿ ಊರು ಎರಡು ಕೆಲಸ ಮಾಡಬೇಕು: ಸಮುದಾಯಕ್ಕೆ ಮುಂದೆ ಬೇಕಾಗುವ ಕೇಬಲ್ ಸಂಬಂಧಿ ಅಗತ್ಯಗಳನ್ನು ಗುರುತಿಸುವುದು, ಕಂಪನಿ ಇಲ್ಲಿಯವರೆಗೆ ಹೇಗೆ ನಡೆದುಕೊಂಡಿದೆ ಎಂದು ಪರಿಶೀಲಿಸುವುದು. ಸಾರ್ವಜನಿಕ ವಿಚಾರಣೆಗೆ ನಿಜವಾದ ತೂಕ ಇರುವುದು ಈ ಹಂತದಲ್ಲಿ. ಆಮೇಲೆ ಕಂಪನಿಯ ಪ್ರಸ್ತಾವ ಬರುತ್ತದೆ. ನಾಲ್ಕು ತಿಂಗಳಲ್ಲಿ ಊರು ಒಪ್ಪಬೇಕು, ಇಲ್ಲವೇ ನವೀಕರಿಸಬಾರದೆಂಬ ಪ್ರಾಥಮಿಕ ಅಭಿಪ್ರಾಯ ಕೊಡಬೇಕು.

ನಿರಾಕರಿಸಲು ಕಾರಣಗಳು ನಾಲ್ಕೇ. ಹಳೆಯ ಒಪ್ಪಂದದ ಮುಖ್ಯ ಷರತ್ತುಗಳನ್ನು ಪಾಲಿಸದಿರುವುದು. ಸಿಗ್ನಲ್, ದೂರು ನಿರ್ವಹಣೆ, ಬಿಲ್ಲಿಂಗ್ ಕಳಪೆಯಾಗಿರುವುದು. ಹಣಕಾಸಿನ, ಕಾನೂನಿನ, ತಾಂತ್ರಿಕ ಸಾಮರ್ಥ್ಯ ಇಲ್ಲದಿರುವುದು. ಖರ್ಚನ್ನೂ ಗಣನೆಗೆ ತೆಗೆದುಕೊಂಡ ಮೇಲೆ ಪ್ರಸ್ತಾವ ಊರಿನ ಅಗತ್ಯಕ್ಕೆ ಸಾಲದಿರುವುದು. ಮೊದಲ ಎರಡಕ್ಕೆ ಒಂದು ಕೊಕ್ಕೆ ಇದೆ: ತಪ್ಪಾಗಿದೆ ಎಂದು ಕಂಪನಿಗೆ ಮುಂಚೆಯೇ ನೋಟಿಸ್ ಕೊಟ್ಟು, ಸರಿಪಡಿಸಿಕೊಳ್ಳಲು ಅವಕಾಶ ಕೊಟ್ಟಿರಬೇಕು. ಎಂಟು ವರ್ಷ ಸುಮ್ಮನಿದ್ದು ಕೊನೆಯ ಸಭೆಯಲ್ಲಿ ಕೂಗಾಡಿದರೆ ಅದು ನಿರಾಕರಣೆಗೆ ಆಧಾರವಾಗದು. ಹಾಗಾಗಿ ದೂರು ಫೋನಿನಲ್ಲಲ್ಲ, ಬರವಣಿಗೆಯಲ್ಲಿ, ಕಂಪನಿಗೆ ಕಳಿಸಿದ್ದರ ಪ್ರತಿ ಟೌನ್ ಕ್ಲರ್ಕ್‌ಗೆ.

ಬಹಳ ಊರುಗಳಲ್ಲಿ ಈ ವಿಧಿವತ್ ದಾರಿ ಕೊನೆಮುಟ್ಟುವುದೇ ಇಲ್ಲ. ಕಂಪನಿ ಪತ್ರ ಬರೆದು ತನ್ನ ಹಕ್ಕು ಕಾಯ್ದಿಟ್ಟುಕೊಳ್ಳುತ್ತದೆ, ಆಮೇಲೆ ಇಬ್ಬರೂ ಮಾತುಕತೆಗೆ ಕೂರುತ್ತಾರೆ. ಆ ಅನೌಪಚಾರಿಕ ದಾರಿಯಲ್ಲೂ ಸಾರ್ವಜನಿಕರಿಗೆ ಪ್ರಕಟಣೆ ಕೊಟ್ಟು ಅಭಿಪ್ರಾಯ ಕೇಳಲೇಬೇಕು. ಆದರೆ ಕರಡು ಮೇಜಿನ ಮೇಲೆ ಬಂದ ನಂತರದ ಸಭೆಯಲ್ಲಿ ಬದಲಾಗುವುದು ಕಡಿಮೆ.

ಸಭೆಯಲ್ಲಿ ಹೇಳಬೇಕಾದದ್ದು ಹೀಗಿರಬೇಕು: ‘ನಮ್ಮ ರಸ್ತೆ 0.6 ಮೈಲಿ, 12 ಮನೆ. ಕೇಬಲ್ ಇಂಥ ಸಂಖ್ಯೆಯ ಕಂಬದಲ್ಲಿ ನಿಂತಿದೆ. ಇಂಥ ದಿನ ಸೇವೆ ಕೇಳಿದೆವು, ಕಂಪನಿಯ ಉತ್ತರ ಇದು. ಸಾಂದ್ರತೆಯ ಮಿತಿಯನ್ನು 25ರಿಂದ 20ಕ್ಕೆ ಇಳಿಸಿ, ಇಲ್ಲವೇ ವೆಚ್ಚ ಹಂಚಿಕೆಯ ಸೂತ್ರ ಸೇರಿಸಿ.’ ಅಮೆರಿಕದ ಕಂಬಗಳಿಗೆ ಸಾಮಾನ್ಯವಾಗಿ ಸಂಖ್ಯೆಯ ಪಟ್ಟಿ ಹೊಡೆದಿರುತ್ತಾರೆ. ವಿದ್ಯುತ್ ತಂತಿಗಿಂತ ಕೆಳಗೆ, ಅಲ್ಲಲ್ಲಿ ಬೆಳ್ಳಿಬಣ್ಣದ ಲೋಹದ ಪೆಟ್ಟಿಗೆ ನೇತಾಡುವ ತಂತಿ ಬಹುಪಾಲು ಕೇಬಲ್ ಕಂಪನಿಯದೇ. ಅದರ ಕೊನೆಯ ಕಂಬದ ಫೋಟೊ, ಹನ್ನೆರಡು ಮನೆಯವರ ಸಹಿ, ಕಂಪನಿಯ ಅಂದಾಜು ಪಟ್ಟಿ, ಈ ಮೂರನ್ನು ದಾಖಲೆಗೆ ಸೇರಿಸಿದರೆ ಊರಿನ ವಕೀಲರಿಗೂ ಹಿಡಿದು ಮಾತಾಡಲು ಏನಾದರೂ ಸಿಗುತ್ತದೆ. ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಇಲ್ಲಿ ಕೆಲಸಕ್ಕೆ ಬಾರದು.

ಯಾರ ವಾದ ಏನು

ಕಂಪನಿಗಳದು ಸರಳ ವಾದ. ಟಿವಿ ಚಂದಾದಾರರು ವರ್ಷದಿಂದ ವರ್ಷಕ್ಕೆ ಕಳಚಿಕೊಳ್ಳುತ್ತಿದ್ದಾರೆ, ಸ್ಟ್ರೀಮಿಂಗ್‌ನವರಿಗೆ ಇಲ್ಲದ ಹೊಣೆ ನಮಗೇಕೆ? ಇಂಟರ್ನೆಟ್ ಮಾತ್ರ ಕೊಡುವ ಹೊಸ ಫೈಬರ್ ಕಂಪನಿಗೆ ಕೇಬಲ್ ಫ್ರಾಂಚೈಸ್ ಬೇಕಿಲ್ಲ, ಲಾಭ ಬರುವ ಬೀದಿಗಳನ್ನಷ್ಟೇ ಆರಿಸಿಕೊಳ್ಳಬಹುದು. ಊರಿಡೀ ಸುತ್ತುವ ಕಟ್ಟುಪಾಡು ನಮ್ಮ ಮೇಲಷ್ಟೇ ಏಕೆ? ಇದರಲ್ಲಿ ಸತ್ಯಾಂಶವಿದೆ. ಆದರೆ ಹಳೆಯ ಕಂಪನಿಗಳು ದಶಕಗಳ ಕಾಲ ಊರಿನ ರಸ್ತೆಯಲ್ಲಿ ಮೊದಲಿಗರಾಗಿ ಕೂತು ಗಳಿಸಿದ್ದೂ ನಿಜ.

ಊರುಗಳ ಅಳಲು ಬೇರೆ. ಕಂಪನಿಯ ಆದಾಯ ಇಂಟರ್ನೆಟ್ ಕಡೆ ಸರಿದಿದೆ, ಶುಲ್ಕ ಮಾತ್ರ ಟಿವಿಗೆ ಕಟ್ಟುಬಿದ್ದಿದೆ. ಸಮುದಾಯ ಚಾನೆಲ್‌ಗಳು ನಡೆಯುವುದು ಬಹುತೇಕ ಇದೇ ದುಡ್ಡಿನಲ್ಲಿ. ಕಠಿಣ ಷರತ್ತು ಹಾಕಿದರೆ ಕೋರ್ಟ್ ಅಲೆಯಬೇಕೆಂಬ ಹೆದರಿಕೆಯೂ ಇದೆ. ಅದು ಸ್ವಲ್ಪ ಉತ್ಪ್ರೇಕ್ಷೆ. ಕೇಬಲ್ ನಿಯಂತ್ರಣದ ಮೊಕದ್ದಮೆಗಳಲ್ಲಿ ಸ್ಥಳೀಯ ಆಡಳಿತದಿಂದ ನಷ್ಟಪರಿಹಾರ ವಸೂಲು ಮಾಡಲು ಕಾಯ್ದೆ ಬಿಡುವುದಿಲ್ಲ, ತಡೆಯಾಜ್ಞೆ ಇಲ್ಲವೇ ಕಾನೂನು ಸ್ಥಿತಿಯ ಘೋಷಣೆಯನ್ನಷ್ಟೇ ಕೇಳಬಹುದು. ವಕೀಲರ ಶುಲ್ಕ ಮಾತ್ರ ತಪ್ಪದು.

ಊರಿನ ಸಭೆಯೇ ಇಲ್ಲದ ರಾಜ್ಯಗಳು

ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕೆಲವು ರಾಜ್ಯಗಳಲ್ಲಿ ಈ ಆಟದ ಮೈದಾನವೇ ಬೇರೆ. 2005ರಲ್ಲಿ ಟೆಕ್ಸಸ್ ಫ್ರಾಂಚೈಸ್ ಅಧಿಕಾರವನ್ನು ಊರುಗಳಿಂದ ರಾಜ್ಯದ ಕೈಗೆ ತೆಗೆದುಕೊಂಡಿತು. ಮರುವರ್ಷ ಕ್ಯಾಲಿಫೋರ್ನಿಯಾ ಹಿಂಬಾಲಿಸಿತು. ಫ್ರೀಮಾಂಟ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವವರು ನಗರ ಸಭೆಗೆ ಹೋಗಿ ಫ್ರಾಂಚೈಸ್ ನಿರಾಕರಿಸಿ ಎಂದರೆ, ಅದನ್ನು ಕೊಡುವುದು ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಎಂಬ ಉತ್ತರ ಬರುತ್ತದೆ. ನಗರಕ್ಕೆ ಉಳಿದದ್ದು ಶುಲ್ಕ ಪಡೆಯುವುದು, ಗ್ರಾಹಕ ಸೇವಾ ಮಾನದಂಡ ಜಾರಿ ಮಾಡುವುದು. ನವೀಕರಣ ಬಹುಪಾಲು ಯಾಂತ್ರಿಕವಾಗಿತ್ತು. 2021ರ ಕಾನೂನು ಕಮಿಷನ್‌ಗೆ ಹೆಚ್ಚಿನ ಮಾಹಿತಿ ಕೇಳುವ, ನವೀಕರಣದ ವೇಳೆ ಜನರ ಮಾತು ಕೇಳುವ ಅಧಿಕಾರ ಕೊಟ್ಟ ಮೇಲೆ ಅಲ್ಲಿ ಸ್ವಲ್ಪ ಜಾಗ ಸಿಕ್ಕಿದೆ.

ನ್ಯೂಜೆರ್ಸಿಯಲ್ಲಿ ಎರಡೂ ಪದ್ಧತಿ ಒಟ್ಟಿಗಿವೆ. ಕಂಪನಿ ಊರಿನ ಒಪ್ಪಿಗೆ ಪಡೆಯಬಹುದು, ಇಲ್ಲವೇ 2006ರ ಕಾನೂನಿನಡಿ ರಾಜ್ಯದ ಬೋರ್ಡ್ ಆಫ್ ಪಬ್ಲಿಕ್ ಯುಟಿಲಿಟೀಸ್‌ನಿಂದ ರಾಜ್ಯವ್ಯಾಪಿ ಫ್ರಾಂಚೈಸ್ ಪಡೆಯಬಹುದು. ಎಡಿಸನ್‌ನಂಥ ಕಡೆ ಮೊದಲು ತಿಳಿಯಬೇಕಾದದ್ದು ತಮ್ಮ ಕಂಪನಿ ಯಾವುದರಡಿ ಇದೆ ಎಂಬುದನ್ನು. ಟೌನ್‌ಶಿಪ್ ಕ್ಲರ್ಕ್ ಕಚೇರಿಗೆ ಒಂದು ಇಮೇಲ್ ಬರೆದರೆ ಸಾಕು.

ವೇಗ, ಬೆಲೆಗೆ ಬೇರೆ ಬಾಗಿಲು

ವಿಳಾಸಕ್ಕೆ ಸೇವೆಯೇ ಇಲ್ಲದವರು ಎಫ್‌ಸಿಸಿಯ ಬ್ರಾಡ್‌ಬ್ಯಾಂಡ್ ನಕ್ಷೆಯಲ್ಲಿ ತಮ್ಮ ಮನೆ ಹುಡುಕಬೇಕು. ಕಂಪನಿ ಅಲ್ಲಿ ಸೇವೆ ಇದೆ ಎಂದು ತೋರಿಸಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಕೇಳಿದ 10 ಕೆಲಸದ ದಿನಗಳಲ್ಲಿ ಜೋಡಿಸಲಿಲ್ಲ, ಮಾಮೂಲಿಗಿಂತ ಹೆಚ್ಚು ಹಣ ಕೇಳಿದರು ಎಂಬುದು ಸಾಕಷ್ಟು ಕಾರಣ. ಕಂಪನಿ 60 ದಿನದಲ್ಲಿ ಉತ್ತರಿಸಬೇಕು. ಇಲ್ಲೂ ಸ್ಪೀಡ್ ಟೆಸ್ಟ್ ಪುರಾವೆಯಾಗದು. ನಕ್ಷೆಯಲ್ಲಿ ಸೇವೆ ಇದೆ ಎಂದು ಉಳಿದುಬಿಟ್ಟರೆ ಸರ್ಕಾರದ ಅನುದಾನದ ಪಟ್ಟಿಯಿಂದ ಆ ವಿಳಾಸ ಹೊರಬೀಳುತ್ತದೆ. 2021ರ ಮೂಲಸೌಕರ್ಯ ಕಾಯ್ದೆಯ 4,245 ಕೋಟಿ ಡಾಲರ್‌ಗಳ ಬೀಡ್ ಯೋಜನೆ ಇಂಥ ನಕ್ಷೆಯ ಆಧಾರದ ಮೇಲೇ ನಿಂತಿದೆ, ಹಂಚುವುದು ರಾಜ್ಯಗಳು. ಬೆಲೆಯ ವಿಷಯದಲ್ಲಿ ಬಾಗಿಲುಗಳು ಕಡಿಮೆ. ಬಡ ಕುಟುಂಬಗಳಿಗೆ ತಿಂಗಳಿಗೆ 30 ಡಾಲರ್ ನೆರವು ಕೊಡುತ್ತಿದ್ದ ಕೇಂದ್ರದ ಯೋಜನೆ ದುಡ್ಡು ಮುಗಿದು 2024ರ ಜೂನ್‌ಗೆ ನಿಂತಿತು. ಆಗ ಅದರಲ್ಲಿದ್ದವು ಸುಮಾರು 2.3 ಕೋಟಿ ಕುಟುಂಬಗಳು.

ಕಂಪನಿಯನ್ನು ಕಾಯುವುದನ್ನೇ ಬಿಟ್ಟ ಊರುಗಳೂ ಇವೆ. ಪಶ್ಚಿಮ ಮ್ಯಾಸಚೂಸೆಟ್ಸ್‌ನ ಲೆವರೆಟ್ ಟೌನ್ ತಾನೇ ಸಾಲ ಎತ್ತಿ ಫೈಬರ್ ಜಾಲ ಕಟ್ಟಿ 2015ರಲ್ಲಿ ಶುರು ಮಾಡಿತು. ವರ್ಮಾಂಟ್‌ನಲ್ಲಿ ಹಲವು ಟೌನ್‌ಗಳು ಸೇರಿ ಇಸಿಫೈಬರ್ ಕಟ್ಟಿಕೊಂಡವು. ಅದರ ಪ್ರಸ್ತಾವಕ್ಕೆ 2008ರ ಟೌನ್ ಸಭೆಗಳಲ್ಲೇ ಮತ ಬಿದ್ದಿತ್ತು. ಆದರೆ ಕೆಲವು ರಾಜ್ಯಗಳು ಊರುಗಳು ಹೀಗೆ ಜಾಲ ಕಟ್ಟುವುದನ್ನು ಕಾನೂನಿನಿಂದ ನಿರ್ಬಂಧಿಸಿವೆ. ಆ ನಿರ್ಬಂಧಗಳನ್ನು ಮೀರಿಸಲು ಎಫ್‌ಸಿಸಿ ಮಾಡಿದ ಯತ್ನವನ್ನು 2016ರಲ್ಲಿ ಆರನೇ ಸರ್ಕಿಟ್ ಕೋರ್ಟ್ ತಳ್ಳಿಹಾಕಿತು.

ಮುಂದಿನ ನವೀಕರಣದ ಹೊತ್ತಿಗೆ

ಈಗ ನವೀಕರಿಸುವ ಒಪ್ಪಂದ ಹತ್ತು ವರ್ಷ ಬಾಳಿದರೆ, ಅದು ಮುಗಿಯುವಷ್ಟರಲ್ಲಿ ಕೇಬಲ್ ಟಿವಿ ಎಷ್ಟು ಉಳಿದಿರುತ್ತದೋ ಹೇಳುವುದು ಕಷ್ಟ. ಟಿವಿ ಬಿಟ್ಟು ಇಂಟರ್ನೆಟ್ ಮಾತ್ರ ಕೊಡುತ್ತೇನೆಂದು ಕಂಪನಿ ಹೇಳಿದ ದಿನ, ಅದೇ ತಂತಿಗೆ ಫ್ರಾಂಚೈಸ್ ಬೇಕೇ ಬೇಡವೇ ಎಂಬ ಜಗಳ ಹುಟ್ಟುತ್ತದೆ. ಬೇಡವೆಂದಾದರೆ ಸಾಂದ್ರತೆಯ ಷರತ್ತು, ಸಮುದಾಯ ಚಾನೆಲ್, ಶೇ 5ರ ಶುಲ್ಕ ಒಟ್ಟಿಗೇ ಹೋಗುತ್ತವೆ. ಊರಿಗೆ ಉಳಿಯುವುದು ರಸ್ತೆ ಅಗೆಯುವ ಅನುಮತಿ ಪತ್ರ. ಅಷ್ಟರೊಳಗೆ ಎಳೆದ ತಂತಿ ಮಾತ್ರ ಕಂಬದ ಮೇಲೆ ಇರುತ್ತದೆ. ಅದಕ್ಕೇ ವಿಸ್ತರಣೆಯ ಗಡುವನ್ನು ಒಪ್ಪಂದದ ಕೊನೆಯ ವರ್ಷಗಳಿಗೆ ತಳ್ಳದೆ, ಮೊದಲ ಎರಡು ಮೂರು ವರ್ಷಕ್ಕೇ ಕಟ್ಟಿಹಾಕುವಂತೆ ನಿವಾಸಿಗಳು ಪಟ್ಟು ಹಿಡಿಯಬೇಕು.